ಹೆಗಲಿಗೆ ಒಪ್ಪಿದ ಸೈಕಲ್

ಫ್ಲೋರಿನ್ ಬಾಯಿಯವರ ಬಿಳಿ ರವಿಕೆಗಳಿಗೆಲ್ಲ ಬಲ ಹೆಗಲಿನ ಮೇಲೆ ಒಂದು ತೇಪೆ ಇರುತ್ತಿತ್ತು. ಎಡ ಹೆಗಲಿಗೆ ಇಲ್ಲ, ಬಲಕ್ಕೆ ಮಾತ್ರ. ಹರಿದ ಮೇಲೆ ಹಾಕಿದ್ದಲ್ಲ; ಹೊಸ ರವಿಕೆ ದರ್ಜಿಯ ಕೈಯಿಂದ ಬರುವಾಗಲೇ ಅಂಗೈಯಗಲದ ದಪ್ಪ ಬಟ್ಟೆಯೊಂದು ಅಲ್ಲಿ ಎರಡು ಸಾಲು ಹೊಲಿಗೆ ಹಾಕಿಸಿಕೊಂಡು ಕೂತಿರುತ್ತಿತ್ತು. ಕೆಲಸಕ್ಕೆ ಸೇರಿದ ದಿನ ನಾನು ಅವರನ್ನು ಮೊದಲು ನೋಡಿದ್ದು ಬೆನ್ನ ಕಡೆಯಿಂದ. ಔಷಧದ ಕಪಾಟಿಗೆ ಮುಖ ಮಾಡಿ ನಿಂತು ಏನನ್ನೋ ಗೊಣಗುತ್ತಿದ್ದರು. ಪಾಪ, ಇಷ್ಟು ವರ್ಷ ಸರಕಾರಿ ಕೆಲಸ ಮಾಡಿಯೂ ತೇಪೆಯ ರವಿಕೆಯೇ ಗತಿಯೇ ಎಂದು ಮರುಗಿದೆ. ಆ ಮರುಕ ಒಂದು ವಾರವೂ ಉಳಿಯಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು ಇದು. ಪಣಂಬೂರಿನಲ್ಲಿ ಹೊಸ ಬಂದರು ತಲೆ ಎತ್ತಿತ್ತು. ಬೈಕಂಪಾಡಿಯ ಗದ್ದೆಗಳಲ್ಲಿ ಒಂದೊಂದೇ ಕಾರ್ಖಾನೆಯ ಪಾಯ ಬೀಳುತ್ತಿತ್ತು. ಆ ಕಡೆಯ ಒಂದು ಆರೋಗ್ಯ ಕೇಂದ್ರಕ್ಕೆ ನಾನು ಸಹಾಯಕ ನರ್ಸ್ ಆಗಿ ಹೋದೆ. ಬಸುರಿ, ಬಾಣಂತಿ, ಮಕ್ಕಳ ಚುಚ್ಚುಮದ್ದು ಇವು ನಮ್ಮ ಕೆಲಸ. ಫ್ಲೋರಿನ್ ಬಾಯಿ ನನಗಿಂತ ಮೇಲಿನವರು, ಆ ಸುತ್ತಿನ ನರ್ಸುಗಳ ಮೇಲ್ವಿಚಾರಕಿ. ಊರಿನವರ ಬಾಯಲ್ಲಿ ಅವರು ಸೈಕಲ್ ಬಾಯಮ್ಮ. ನಾನು ಬಾಯಮ್ಮ ಎಂದೇ ಕರೆದೆ. ಕುಳ್ಳಗೆ, ದಪ್ಪಗೆ, ದುಂಡು ಕನ್ನಡಕ, ಮದುವೆಯಾಗದ ಐವತ್ತರ ಹತ್ತಿರದ ಹೆಂಗಸು. ಅವರ ಮನೆಮಾತು ಕೊಂಕಣಿ, ನನ್ನದು ತುಳು, ಇಬ್ಬರ ನಡುವೆ ಕನ್ನಡ. ಬೈಯುವಾಗ ಮಾತ್ರ ಅವರು ಶುದ್ಧ ತುಳುವಿಗೆ ಇಳಿಯುತ್ತಿದ್ದರು, ನನಗೆ ಏನೂ ತಪ್ಪಿಹೋಗಬಾರದೆಂದು.

ನನ್ನ ಪಾಲಿಗೆ ಬಂದ ಊರು ವಿಚಿತ್ರವಾಗಿತ್ತು. ಕೇಂದ್ರದಿಂದ ಹೊರಟರೆ ಮೊದಲು ಡಾಮರು ರಸ್ತೆ, ಅದರ ಮೇಲೆ ನಿಲ್ಲದ ಲಾರಿಗಳು. ಅಲ್ಲಿಂದ ಕಡಲ ಕಡೆಗೆ ಇಳಿದರೆ ಮೊಗವೀರರ ಮನೆಗಳು, ಕಣಕಾಲು ಹುಗಿಯುವ ಹೊಯ್ಗೆ. ಮತ್ತೆ ರಸ್ತೆ ದಾಟಿ ಒಳಗೆ ಹೋದರೆ ಗದ್ದೆಗಳ ನಡುವೆ ಕಾಲಿಡುವಷ್ಟೇ ಅಗಲದ ಹುಣಿ, ಹುಣಿಯ ಕೊನೆಗೆ ತೋಡು, ತೋಡಿಗೆ ಎರಡು ತೆಂಗಿನ ಮರ ಅಡ್ಡ ಹಾಕಿದ ಸಂಕ. ಸಂಕ ದಾಟಿದರೆ ಕೆಂಪು ಮುರಕಲ್ಲಿನ ಏರು, ಏರಿನ ಮೇಲೆ ಬಟಾಬಯಲು ಪದವು. ಬಂದರಿಗೂ ಕಾರ್ಖಾನೆಗೂ ಜಾಗ ಬಿಟ್ಟುಕೊಟ್ಟ ಕೆಲವು ಕುಟುಂಬಗಳು ಆ ಪದವಿನಲ್ಲಿ ಹೊಸದಾಗಿ ಮನೆ ಕಟ್ಟಿಕೊಂಡಿದ್ದವು. ಬಸುರಿಯರು ಹೆಚ್ಚಿದ್ದದ್ದು ಅಲ್ಲೇ. ನನಗಿಂತ ಮೊದಲಿದ್ದ ನರ್ಸ್ ನಡೆದು ನಡೆದು ಸೋತು, ಪದವಿಗೆ ಹೋಗುವುದನ್ನೇ ಬಿಟ್ಟು, ಕೊನೆಗೆ ಕೆಲಸವನ್ನೂ ಬಿಟ್ಟಿದ್ದಳು.

ನಮ್ಮ ಡಾಕ್ಟರು ಸುತ್ತಿ ಬಳಸಿ ಮಾತನಾಡುವವರಲ್ಲ. ಮಳೆಗಾಲ ಮುಗಿಯುವುದರೊಳಗೆ ಪದವಿನ ಮನೆಗಳನ್ನು ಮುಟ್ಟದಿದ್ದರೆ ನಿನ್ನನ್ನು ಖಾಯಂ ಮಾಡಲು ಬರೆಯುವುದಿಲ್ಲ ಎಂದುಬಿಟ್ಟರು. ಮನೆಯಲ್ಲಿ ಅಪ್ಪ ಅದಕ್ಕಾಗಿಯೇ ಕಾಯುತ್ತಿದ್ದರು. ಗುತ್ತಿನ ಮನೆಯವರು ನಾವು, ಊರಿನ ಹಳೇ ಭೂಮಾಲಕರು. ಭೂಮಿ ಒಕ್ಕಲುಗಳಿಗೆ ಹೋದ ಮೇಲೆ ಅಪ್ಪ ಪೇಟೆಯ ಹಳೇ ಬಂದರ್‌ನಲ್ಲಿ ಒಂದು ಸಣ್ಣ ಹೋಟೆಲು ಇಟ್ಟಿದ್ದರು. ಗದ್ದೆ ಹೋದರೂ ಗತ್ತು ಹೋಗಿರಲಿಲ್ಲ. ಮಗಳು ಊರೂರು ಸುತ್ತುವುದು ಅವರಿಗೆ ಸರಿಬರುತ್ತಿರಲಿಲ್ಲ. ಬೊಂಬಾಯಿಯಲ್ಲಿ ಹೋಟೆಲಿದ್ದ ಒಬ್ಬ ಹುಡುಗನ ಜಾತಕ ಆಗಲೇ ಮನೆಗೆ ಬಂದಿತ್ತು. ಖಾಯಂ ಆದರೆ ಕೆಲಸ, ಇಲ್ಲದಿದ್ದರೆ ಬೊಂಬಾಯಿ ಎಂದು ಅವರೂ ನಾನೂ ಒಪ್ಪಂದಕ್ಕೆ ಬಂದಿದ್ದೆವು. ಆ ಹುಡುಗನ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಆದರೆ ನನಗೆ ಬೇಕಾದದ್ದು ಕೆಲಸ.

ಸೈಕಲ್ ಕೊಡಿಸಿ ಎಂದು ಅಪ್ಪನಲ್ಲಿ ಕೇಳಿದೆ. ಅಣ್ಣನ ಸೈಕಲಿನಲ್ಲಿ ಮನೆಯಂಗಳದಲ್ಲೇ ಕಲಿತಿದ್ದೆ, ಓಡಿಸಲು ಬರುತ್ತಿತ್ತು. ಆಶ್ಚರ್ಯವೆಂದರೆ ಅಪ್ಪ ಒಪ್ಪಿದರು. ಪೇಟೆಯ ಅಂಗಡಿಯಲ್ಲಿ ಒಂದು ಲೇಡೀಸ್ ಸೈಕಲನ್ನು ನೋಡಿಯೂ ಬಂದರು. ಮುಂದೆ ಬುಟ್ಟಿ, ಸೀರೆ ಸಿಕ್ಕದಂತೆ ಹಿಂದಿನ ಚಕ್ರಕ್ಕೆ ಬಲೆ, ಚೈನಿಗೆ ಪೂರಾ ಮುಚ್ಚಿದ ತಗಡಿನ ಕವರ್, ಸೀರೆಯುಟ್ಟವರು ಸುಲಭವಾಗಿ ಹತ್ತಲೆಂದು ಬಾಗಿ ಇಳಿದ ದಂಡೆ. ನೋಡಲು ಚೆಂದವಿತ್ತು. ಮರುದಿನ ಕೇಂದ್ರದಲ್ಲಿ ನಾನು ಅದನ್ನು ಬಣ್ಣಿಸುತ್ತಾ ಹೋದಂತೆ ಬಾಯಮ್ಮ ಸಿರಿಂಜು ಕುದಿಸುತ್ತಾ ಕೇಳುತ್ತಿದ್ದರು. ಕೊನೆಗೆ ಒಂದೇ ಪ್ರಶ್ನೆ ಹಾಕಿದರು.

“ಎಲ್ಲಾ ಸರಿ. ಸಂಕದಲ್ಲಿ ಅದನ್ನು ಎಲ್ಲಿ ಹಿಡೀತಿ?”

ನನಗೆ ಅರ್ಥವಾಗಲಿಲ್ಲ. ಸೈಕಲನ್ನು ಹಿಡಿಯುವುದು ಹ್ಯಾಂಡಲಿನಲ್ಲಲ್ಲವೇ ಎಂದೆ.

“ಅದು ನೂಕ್ಲಿಕ್ಕೆ ಮಾರಾಯ್ತಿ. ಹೊರ್ಲಿಕ್ಕೆ ಎಲ್ಲಿ?” ಎಂದು ತಮ್ಮ ಬಲ ಹೆಗಲನ್ನು ತಟ್ಟಿ ತೋರಿಸಿದರು. “ಡಾಮರಿನಲ್ಲಿ ಯಾವ ಸೈಕಲಾದ್ರೂ ಓಡ್ತದೆ. ನಮ್ಮ ದಾರಿಯಲ್ಲಿ ಸ್ವಲ್ಪ ಹೊತ್ತು ಅದು ನಮ್ಮನ್ನು ಹೊರ್ತದೆ, ಸ್ವಲ್ಪ ಹೊತ್ತು ನಾವು ಅದನ್ನು ಹೊರ್ಬೇಕು. ಸೈಕಲ್ ಆರಿಸುದು ಹೆಗಲಿನಲ್ಲಿ, ಕಾಲಿನಲ್ಲಲ್ಲ.”

ಆಗ ತೇಪೆಯ ಗುಟ್ಟು ತಿಳಿಯಿತು. ಬಾಯಮ್ಮನ ಸೈಕಲ್ ಹೈಸ್ಕೂಲು ಹುಡುಗರು ಓಡಿಸುವ ಅಳತೆಯದು, ತಗ್ಗಾದ ಅಡ್ಡ ಬಾರಿನ ಗಂಡು ಸೈಕಲ್. ಸಂಕ ಬಂದಾಗ ಅದರ ಎಡಬದಿಗೆ ನಿಂತು, ಬಗ್ಗಿ, ಬಾರಿನ ಕೆಳಗೆ ಬಲ ಹೆಗಲು ಕೊಟ್ಟು ಎದ್ದುಬಿಡುತ್ತಿದ್ದರು. ಚೈನು ಬಲಬದಿಗಿರುವುದರಿಂದ ಅದು ಮೈಯಿಂದಾಚೆ ಉಳಿಯುತ್ತದೆ, ಬಿಳಿ ಸೀರೆಗೆ ಎಣ್ಣೆ ತಾಗುವುದಿಲ್ಲ. ಸೆರಗು ಇರುವುದು ಎಡ ಹೆಗಲಲ್ಲಿ, ಆದ್ದರಿಂದ ಬಾರಿನ ಉಜ್ಜಾಟವೆಲ್ಲ ಬಲಗಡೆಯ ರವಿಕೆಗೆ. ಇಷ್ಟನ್ನೂ ಅವರು ಯಾರಿಂದಲೂ ಕಲಿತದ್ದಲ್ಲ. ಒಂದು ಕಾಲದಲ್ಲಿ ತಮ್ಮಲ್ಲೂ ಲೇಡೀಸ್ ಸೈಕಲೇ ಇತ್ತೆಂದೂ ಅದು ತಮ್ಮನ್ನು ಸಂಕದಿಂದ ತೋಡಿಗೆ ಕೆಡವಿತೆಂದೂ, ಬಾಣಂತಿಗೆಂದು ಒಯ್ಯುತ್ತಿದ್ದ ಔಷಧಿ ಮೀನಿಗೆ ಹೋಯಿತೆಂದೂ ನಗುತ್ತಾ ಹೇಳಿದರು.

ಹಾಗೆಂದು ನನಗೆ ಇದೇ ತೆಗೆದುಕೋ ಎಂದು ಅವರು ಹೇಳಲಿಲ್ಲ. ಅದು ಅವರ ಕ್ರಮವಲ್ಲ. ಸೈಕಲ್ ಕೊಳ್ಳುವ ಮೊದಲು ಅದು ಹೋಗಬೇಕಾದ ದಾರಿಯನ್ನೆಲ್ಲ ಒಮ್ಮೆ ಅದಕ್ಕೆ ತೋರಿಸಬೇಕು ಎನ್ನುತ್ತಿದ್ದರು, ಸೈಕಲಿಗೂ ಒಪ್ಪಿಗೆ ಕೇಳಬೇಕು ಎಂಬಂತೆ. ರಸ್ತೆ ಬದಿಯಲ್ಲಿ ಹಸನಬ್ಬ ಎಂಬ ಬ್ಯಾರಿಯವರ ಬಾಡಿಗೆ ಸೈಕಲ್ ಅಂಗಡಿ ಇತ್ತು. ಅಲ್ಲಿಂದ ಒಂದು ದಿನ ಲೇಡೀಸ್ ಸೈಕಲ್, ಇನ್ನೊಂದು ದಿನ ದೊಡ್ಡವರ ಗಂಡು ಸೈಕಲ್, ಮತ್ತೊಂದು ದಿನ ಹುಡುಗರ ಅಳತೆಯದು ತೆಗೆಸಿ, ಒಂದೊಂದರಲ್ಲೂ ನನ್ನನ್ನು ಇಡೀ ಸುತ್ತು ಹೊಡೆಸಿದರು. ತಾವು ಹಿಂದಿನಿಂದ ತಮ್ಮ ಸೈಕಲಿನಲ್ಲಿ ಬಂದರು.

ಆ ಸುತ್ತುಗಳಲ್ಲಿ ನಾನು ಕಲಿತದ್ದನ್ನು ಯಾವ ಟ್ರೈನಿಂಗಿನಲ್ಲೂ ಕಲಿತಿಲ್ಲ. ಹೊಯ್ಗೆ ಬಂದಾಗ ಅವರು ಇಳಿದು ಎರಡೂ ಟಯರಿನಿಂದ ಒಂದಿಷ್ಟು ಗಾಳಿ ಬಿಡುತ್ತಿದ್ದರು. ಟಯರು ಅಗಲವಾಗಿ ಕೂತು ಹೊಯ್ಗೆಯ ಮೇಲೆ ಸಾಗುತ್ತಿತ್ತು. ರಸ್ತೆಗೆ ಬಂದ ಮೇಲೆ ಪಂಪು ಬಿಚ್ಚಿ ಮತ್ತೆ ಗಾಳಿ. ಲಾರಿ ಡ್ರೈವರುಗಳು ನಕ್ಕರೆ ಅವರೂ ನಗುತ್ತಿದ್ದರು. ಏರಿನಲ್ಲಿ ಅವರಿಗೆ ಒಂದೇ ನಿಯಮ. ನನ್ನನ್ನು ಏನಾದರೂ ಮಾತನಾಡಿಸುತ್ತಲೇ ಇರುತ್ತಿದ್ದರು. ನನ್ನ ಉತ್ತರ ತುಂಡಾಗತೊಡಗಿದ ಕೂಡಲೇ ಇಳಿಯಲು ಹೇಳುತ್ತಿದ್ದರು.

“ಮಾತು ನಿಂತಲ್ಲಿ ಇಳಿದುಬಿಡು. ಮೇಲೆ ಮುಟ್ಟಿದ ಮೇಲೆ ನಿನಗೇ ಏದುಸಿರು ಬಂದ್ರೆ ಬಸುರಿಗೆ ಧೈರ್ಯ ಹೇಳುವವರು ಯಾರು?”

ದೊಡ್ಡ ಸೈಕಲ್ ಡಾಮರಿನಲ್ಲಿ ಹಾರುತ್ತಿತ್ತು, ಏರಿನಲ್ಲಿ ಕಲ್ಲಾಗುತ್ತಿತ್ತು. ಅದರ ಬಾರು ಎತ್ತರ, ಸೀರೆಯಲ್ಲಿ ಹತ್ತುವುದೇ ಒಂದು ಸಾಹಸ. ಲೇಡೀಸ್ ಸೈಕಲಿನಲ್ಲಿ ಹತ್ತಿ ಇಳಿಯುವುದು ಸುಖ, ಆದರೆ ಸಂಕದ ಹತ್ತಿರ ಅದು ನನ್ನನ್ನು ಅಳಿಸಿತು. ಬಾಗಿದ ದಂಡೆಯಲ್ಲಿ ಹೆಗಲಿಗೆ ಜಾಗವಿಲ್ಲ, ಕೈಯಲ್ಲಿ ಎತ್ತಿದರೆ ಬುಟ್ಟಿಯ ಭಾರಕ್ಕೆ ಮೂತಿ ತಿರುಗುತ್ತದೆ. ಹುಡುಗರ ಸೈಕಲಿನ ಚಕ್ರ ಸಣ್ಣದು, ಡಾಮರಿನಲ್ಲಿ ಹೆಚ್ಚು ತುಳಿಯಬೇಕು, ಆದರೆ ಏರಿನಲ್ಲಿ ಅದು ಜಗಳ ಮಾಡಲಿಲ್ಲ. ಹುಣಿಯಲ್ಲಿ ಕಾಲು ನೆಲಕ್ಕೆ ಎಟಕುತ್ತಿತ್ತು. ಪಕ್ಕಕ್ಕೆ ವಾಲಿಸಿ ಬಾರಿನ ಮೇಲಿಂದ ಕಾಲು ದಾಟಿಸಲು ಬಾಯಮ್ಮ ಕಲಿಸಿದರು. ಸೀರೆಯೊಳಗೆ ಲಂಗದ ಬದಲು ಪೈಜಾಮದಂತೆ ಹೊಲಿಸಿಕೊಳ್ಳಬೇಕು, ನೆರಿಗೆ ಅಗಲ ಹಿಡಿಯಬೇಕು. ಕಾಲು ಕಾಣುತ್ತದಲ್ಲ ಎಂದು ನಾನು ಅಳುಕಿದೆ.

“ಕಾಲು ಕಾಣ್ತದೆ ಅಂತ ಯಾರಾದ್ರೂ ಹೇಳಿದ್ರೆ, ಕಾಲು ಇದ್ದದ್ದಕ್ಕೇ ನಿಮ್ಮ ಮನೆಗೆ ಬಂದದ್ದು ಅಂತ ಹೇಳು” ಎಂದರು ಬಾಯಮ್ಮ.

ನನಗೆ ಹುಡುಗರ ಸೈಕಲೇ ಬೇಕೆನಿಸಿತು. ಆದರೆ ಅದನ್ನು ಅಪ್ಪನಿಗೆ ಹೇಳುವುದು ಹೇಗೆ? ಹೇಳಿದೆ. ಊಟದ ತಟ್ಟೆ ಸರಿಸಿ ಎದ್ದರು. ಗುತ್ತಿನ ಮನೆಯ ಹುಡುಗಿ ಗಂಡು ಸೈಕಲಿನ ಮೇಲೆ ಕಾಲು ದಾಟಿಸಿ ಕೂರುವುದೆಂದರೆ ನಾಳೆ ನಾನು ಹೋಟೆಲಿನ ಗಲ್ಲೆಯಲ್ಲಿ ಹೇಗೆ ಕೂರಲಿ ಎಂದರು. ಲೇಡೀಸ್ ಸೈಕಲ್ ಆದರೆ ಸೈಕಲ್, ಇಲ್ಲವೆಂದರೆ ರಾಜೀನಾಮೆ ಬರೆ ಎಂದರು. ಅಮ್ಮ ನನ್ನ ಪರವಾಗಿ ಒಂದೆರಡು ಮಾತು ಹೇಳಿದರೂ ಕೇಳಲಿಲ್ಲ. ಮಳೆಗಾಲ ಹತ್ತಿರ ಬರುತ್ತಿತ್ತು. ನಾನು ಕೇಂದ್ರಕ್ಕೆ ಹೋಗಿ ಬಾಯಮ್ಮನ ಮುಂದೆ ಅತ್ತೆ.

ಅವರು ಮರುದಿನವೇ ಬಂದರ್‌ಗೆ ಹೋದರು. ಹೋಟೆಲಿನಲ್ಲಿ ಕೂತು ನೀರುದೋಸೆ ತಿಂದು, ಚಾ ಕುಡಿದು, ದೋಸೆಯನ್ನು ಹೊಗಳಿ, ಆಮೇಲೆ ಅಪ್ಪನ ಗಲ್ಲೆಯ ಎದುರು ನಿಂತರಂತೆ. ಅಪ್ಪ ವಾದಕ್ಕೆ ಸಿದ್ಧರಾಗಿಯೇ ಕೂತಿದ್ದರು. ಬಾಯಮ್ಮ ವಾದ ಮಾಡಲಿಲ್ಲ. ಮಗಳಿಗೆ ಸೈಕಲ್ ಆರಿಸುವವರು ಅಪ್ಪನೇ, ಬೇರೆ ಯಾರೂ ಅಲ್ಲ ಎಂದು ಒಪ್ಪಿಕೊಂಡುಬಿಟ್ಟರು.

“ಆದ್ರೆ ಶೆಟ್ರೇ, ಅಂಗಡಿಯಲ್ಲಿ ಆರಿಸುದು ಬೇಡ. ಆದಿತ್ಯವಾರ ಸಂಕದ ಹತ್ರ ಬನ್ನಿ, ಅಲ್ಲಿ ಆರಿಸಿ. ಎರಡನ್ನೂ ತಂದಿಡ್ತೇನೆ” ಎಂದರಂತೆ.

ಆದಿತ್ಯವಾರ ಅಪ್ಪ ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ಬಂದರು. ಬಾಯಮ್ಮ ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ ನೇರ ಬಂದಿದ್ದರು, ಅವತ್ತು ಹೂವಿನ ಸೀರೆ. ಹಸನಬ್ಬ ಎರಡೂ ಸೈಕಲ್‌ಗಳನ್ನು ಸಂಕದ ಈಚೆ ನಿಲ್ಲಿಸಿ, ಏನೂ ತಿಳಿಯದವರಂತೆ ಬೀಡಿ ಹಚ್ಚಿದರು. ತೋಡಿನಲ್ಲಿ ಮೊಣಕಾಲಷ್ಟು ನೀರಿತ್ತು. ಅಪ್ಪ ಲೇಡೀಸ್ ಸೈಕಲನ್ನೇ ಮೊದಲು ಕೈಗೆತ್ತಿಕೊಂಡರು. ಒಂದು ಕೈಯಲ್ಲಿ ಸೀಟು, ಒಂದು ಕೈಯಲ್ಲಿ ಹ್ಯಾಂಡಲು ಹಿಡಿದು ಎತ್ತಿ ಸಂಕದ ಮೇಲೆ ಕಾಲಿಟ್ಟರು. ಎರಡು ಹೆಜ್ಜೆ ಆಗಿರಬಹುದು, ಹ್ಯಾಂಡಲು ತಿರುಗಿ ಮುಂದಿನ ಚಕ್ರ ಅವರ ಹೊಟ್ಟೆಗೆ ಒರಗಿತು. ದಂಡೆ ಹಿಡಿಯಲು ಹೋದರು, ಅದು ಜಾರಿತು. ಪೆಡಲು ಪಂಚೆಗೆ ಸಿಕ್ಕಿಕೊಂಡಿತು. ಅವರು ಮುಂದೆಯೂ ಹೋಗಲಾರದೆ ಹಿಂದೆಯೂ ಬರಲಾರದೆ ತೆಂಗಿನ ಮರದ ಮೇಲೆ ಸೈಕಲನ್ನು ತಬ್ಬಿಕೊಂಡು ನಿಂತರು. ನನಗೆ ಗಾಬರಿಯಾಯಿತು. ಹಿಡಿಯಲು ಹೊರಟವಳನ್ನು ಬಾಯಮ್ಮ ಕೈ ಹಿಡಿದು ತಡೆದರು. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಒಂದೊಂದೇ ಪಾದ ಸರಿಸಿ ಹಿಂದಕ್ಕೆ ಬಂದರು. ಪಂಚೆಯ ಅಂಚು ಹರಿದು ನೇತಾಡುತ್ತಿತ್ತು.

ಯಾರೂ ನಗಲಿಲ್ಲ. ಬಾಯಮ್ಮ ಅಪ್ಪನ ಮುಖ ನೋಡದೆ ತೋಡಿನ ಆಚೆ ಪದವಿನ ಕಡೆ ನೋಡುತ್ತಾ, “ಅಲ್ಲಿ ಹದಿನೆಂಟರ ಒಂದು ಹುಡುಗಿ ಉಂಟು ಶೆಟ್ರೇ, ಚೊಚ್ಚಲು. ದಿನ ಹತ್ರ ಬಂತು. ಅವಳಿಗೂ ಒಬ್ಬ ಅಪ್ಪ ಇದ್ದಾನೆ” ಎಂದರು. ಅಷ್ಟೇ ಹೇಳಿದ್ದು. ಅಪ್ಪ ಪಂಚೆ ಮೇಲೆತ್ತಿ ಕಟ್ಟಿದರು. ಹುಡುಗರ ಸೈಕಲಿನ ಎಡಕ್ಕೆ ನಿಂತು, ಬಾಯಮ್ಮ ತೋರಿಸಿದಂತೆ ಹೆಗಲು ಕೊಟ್ಟು ಎದ್ದರು. ಸಂಕ ದಾಟಿದರು, ಆಚೆ ಒಂದು ಗಳಿಗೆ ನಿಂತರು, ಹಾಗೇ ಹಿಂದೆ ಬಂದರು. ಬಂದವರು ಸೈಕಲನ್ನು ಇಳಿಸಿ, ಗತ್ತನ್ನು ಬಿಟ್ಟುಕೊಡದ ದನಿಯಲ್ಲಿ, “ಬಣ್ಣ ಮಾತ್ರ ನಾನು ಆರಿಸ್ತೇನೆ” ಎಂದರು.

ಹಸಿರು ಬಣ್ಣ ಆರಿಸಿದರು. ಹಾಗೆ ನನ್ನ ಸೈಕಲ್ ಬಂತು. ಹಿಂದಿನ ಚಕ್ರಕ್ಕೆ ಹಲ್ಲು ಹೆಚ್ಚಿದ್ದ ಫ್ರೀವೀಲನ್ನು ಹಸನಬ್ಬ ಕೂರಿಸಿಕೊಟ್ಟರು, ಏರಿಗೆ ಹಗುರಾಗಲೆಂದು. ಚೈನ್ ಕವರನ್ನು ಬಾಯಮ್ಮ ಬಿಚ್ಚಿಸಿದರು, ಕೆಸರು ಒಳಗೆ ಕೂತರೆ ತೆಗೆಯಲಾಗುವುದಿಲ್ಲ ಎಂದು. ಬೆಲ್ಲು ಮಾತ್ರ ದೊಡ್ಡದು ಬೇಕೆಂದು ಹಟ ಹಿಡಿದರು. ಅವರಿಗೆ ಬೆಲ್ಲು ರಸ್ತೆಗಲ್ಲ, ಮನೆಗಳಿಗೆ. ಮಕ್ಕಳಾಗದ ಆಪರೇಷನ್‌ಗೆ ಹಿಡಿದುಕೊಂಡು ಹೋಗುತ್ತಾರೆಂದು ಜೀಪಿನ ಸದ್ದು ಕೇಳಿದರೆ ಗಂಡಸರು ಹೆಂಗಸರೆನ್ನದೆ ಗುಡ್ಡಕ್ಕೆ ಓಡಿ ಅಡಗುತ್ತಿದ್ದ ಕಾಲ ಅದು. ಬಾಯಮ್ಮ ಏರಿನ ಬುಡದಲ್ಲೇ ನಿಂತು ಜೋರಾಗಿ ಬೆಲ್ಲು ಹೊಡೆಯುತ್ತಿದ್ದರು. ಬಂದದ್ದು ಸೈಕಲ್ ಬಾಯಮ್ಮ ಎಂದು ತಿಳಿದು ಹೆಂಗಸರು ಅಂಗಳಕ್ಕೆ ಬರುತ್ತಿದ್ದರು. ನಾನೂ ಅದನ್ನೇ ರೂಢಿಸಿಕೊಂಡೆ.

ಬಾಯಮ್ಮ ಹೇಳಿದ್ದ ಆ ಚೊಚ್ಚಲಿನ ಹುಡುಗಿಯ ಹೆಸರು ಗಿರಿಜ. ಆಷಾಢದ ಒಂದು ಬೆಳಗ್ಗೆ ಅವಳ ತಮ್ಮ ತೋಯ್ದುಕೊಂಡು ಕೇಂದ್ರಕ್ಕೆ ಓಡಿಬಂದ. ಬಾಯಮ್ಮ ಬೇರೆ ಊರಿನ ಸುತ್ತಿನಲ್ಲಿದ್ದರು, ಜೀಪು ಡಾಕ್ಟರನ್ನು ಕರೆದುಕೊಂಡು ಪೇಟೆಗೆ ಹೋಗಿತ್ತು. ನಾನು ಹೊರಟೆ. ತೋಡು ಕೆಂಪಾಗಿ ತುಂಬಿ ಹರಿಯುತ್ತಿತ್ತು, ನೀರು ಸಂಕದ ಮರಕ್ಕೆ ಮುಟ್ಟುತ್ತಿತ್ತು. ನಿಜ ಹೇಳಬೇಕೆಂದರೆ ಅಲ್ಲಿ ನಾನು ನಿಂತುಬಿಟ್ಟೆ. ಸೈಕಲನ್ನು ಈಚೆ ಬಿಟ್ಟು ನಡೆದೇ ಹೋಗಬಹುದಿತ್ತು, ಆದರೆ ಪದವಿನ ಮೇಲೆ ಗಿರಿಜಳ ಮನೆ ಆ ತುದಿಗೆ, ನಡೆದರೆ ತಡವಾಗುತ್ತಿತ್ತು. ಬಾರಿನ ಕೆಳಗೆ ಹೆಗಲು ಕೊಟ್ಟೆ. ಭಾರ ಹೆಗಲಿಗೆ ಕೂತ ಮೇಲೆ ಎರಡೂ ಕೈ ಬಿಡುವಾಗಿ, ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಮಳೆಗಾಲಕ್ಕೆಂದು ಸಂಕದ ಪಕ್ಕ ಕಟ್ಟಿದ್ದ ಹಗ್ಗ ಹಿಡಿದೆ. ದಾಟಿದೆ. ಏರಿನಲ್ಲಿ ನನ್ನಷ್ಟಕ್ಕೇ ಮಾತನಾಡುತ್ತಾ ತುಳಿದೆ, ಮಾತು ನಿಂತಲ್ಲಿ ಇಳಿದು ನೂಕಿದೆ, ಪದವಿನ ಮೇಲೆ ಮತ್ತೆ ಹತ್ತಿದೆ.

ಮನೆ ಮುಟ್ಟಿದಾಗ ಮಗುವಿನ ತಲೆ ಕಾಣುತ್ತಿತ್ತು, ತಲೆ ಹೊರಗೆ ಬಂದಾಗ ನೋಡಿದರೆ ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿತ್ತು. ಕಲಿತದ್ದನ್ನು ಮಾಡಿದೆ. ಏರು ಹತ್ತಿ ಬಂದರೂ ನನ್ನ ಉಸಿರು ತಪ್ಪಿರಲಿಲ್ಲ. ನೀಲಿಗಟ್ಟಿದ್ದ ಗಂಡುಮಗು ಬೆನ್ನು ಉಜ್ಜಿಸಿಕೊಂಡು, ನಮ್ಮನ್ನೆಲ್ಲ ಸಾಕಷ್ಟು ಹೆದರಿಸಿ, ಆಮೇಲೆ ಅತ್ತಿತು. ಇನ್ನೂ ಸ್ವಲ್ಪ ತಡವಾಗಿದ್ದರೆ ಏನಾಗುತ್ತಿತ್ತೆಂದು ನನಗೆ ಗೊತ್ತು. ಈಗಲೂ ಅದನ್ನು ನೆನೆದರೆ ಬಾಯಮ್ಮನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಸುದ್ದಿ ಕೇಳಿ ಬಾಯಮ್ಮ ಮಧ್ಯಾಹ್ನದ ಹೊತ್ತಿಗೆ ಬಂದರು. ಅಂಗಳದಾಚೆ ಬೆಲ್ಲು ಕೇಳಿದಾಗಲೇ ನನಗೆ ಅಳು ಬಂತು. ಅವರು ತಾಯಿಯನ್ನು ನೋಡಿದರು, ಮಗುವನ್ನು ತಿರುಗಿಸಿ ಮುರುಗಿಸಿ ನೋಡಿದರು, ಸರಿ ಎಂಬಂತೆ ಗೋಣು ಹಾಕಿದರು. ಆಮೇಲೆ ನನ್ನ ಹತ್ತಿರ ಬಂದು ಬಲ ಹೆಗಲನ್ನು ನೋಡಿದರು. ಅಲ್ಲಿ ರವಿಕೆ ಹರಿದಿತ್ತು, ಚರ್ಮ ಸುಲಿದು ಕೆಂಪಾಗಿತ್ತು. ನನಗೆ ಅದರ ಪರಿವೆಯೇ ಇರಲಿಲ್ಲ. ನನಗೊಂದು ಹೊದಿಕೆ ಸುತ್ತಿ ರವಿಕೆ ಬಿಚ್ಚಿಸಿಕೊಂಡರು. ಗಾಯಕ್ಕೆ ಮುಲಾಮು ಹಚ್ಚಿದರು. ಗಿರಿಜಳ ತಾಯಿಯಲ್ಲಿ ಒಂದು ಹಳೇ ಪಂಚೆಯ ತುಂಡು ಕೇಳಿ ಪಡೆದು, ನಾಲ್ಕು ಮಡಿಕೆ ಮಾಡಿ, ಜಗಲಿಯಲ್ಲಿ ಕೂತು ಸೂಜಿ ದಾರದಿಂದ ತೇಪೆ ಹೊಲಿದರು. ಒಳಗೆ ಮಗು ಅಳುತ್ತಿತ್ತು, ಹೊರಗೆ ಮಳೆ, ನಾನು ಹೊದಿಕೆಯೊಳಗೆ ಬಿಸಿ ಗಂಜಿ ಕುಡಿಯುತ್ತಿದ್ದೆ. ಹೊಲಿದು ಮುಗಿಸಿ ಹಲ್ಲಿನಿಂದ ದಾರ ಕಡಿದು, “ಇನ್ನು ನೀನು ಖಾಯಂ” ಎಂದರು.

ಡಾಕ್ಟರು ಬರೆದುಕೊಟ್ಟದ್ದು ಆಮೇಲೆ. ನನಗೆ ಖಾಯಮಾತಿ ಆದದ್ದು ಆ ಜಗಲಿಯಲ್ಲೇ. ಬೊಂಬಾಯಿಯ ಜಾತಕ ಬಂದ ದಾರಿಯಲ್ಲೇ ವಾಪಸ್ಸು ಹೋಯಿತು, ಅಪ್ಪನೇ ಕಳಿಸಿದರು. ಮುಂದೆ ಅವರು ಹೋಟೆಲಿಗೆ ಬಂದವರಿಗೆಲ್ಲ, ಸೈಕಲ್ ಆರಿಸುವಾಗ ಹೆಗಲು ನೋಡಬೇಕು ಎಂದು ತಾವೇ ಕಂಡುಹಿಡಿದವರಂತೆ ಹೇಳುತ್ತಿದ್ದರು. ಬಾಯಮ್ಮನ ಕಿವಿಗೂ ಅದು ಬಿತ್ತು. ಅವರು ಒಮ್ಮೆಯೂ ತಿದ್ದಲಿಲ್ಲ.

ಅವರ ಜೊತೆ ಕಳೆದ ವರ್ಷಗಳಲ್ಲಿ ಅವರು ಸೋತದ್ದನ್ನೂ ನೋಡಿದ್ದೇನೆ. ತೋಡಿಗೊಂದು ಗಟ್ಟಿ ಸೇತುವೆ ಬೇಕೆಂದು ಪಂಚಾಯತಿನ ಮೆಟ್ಟಿಲು ಹತ್ತಿ ಇಳಿದರು. ಚುನಾವಣೆಯಲ್ಲಿ ಗೆದ್ದವರಲ್ಲಿ ಕೇಳಿದರು, ಸೋತವರಲ್ಲಿಯೂ ಕೇಳಿದರು, ಕಾರ್ಖಾನೆಯ ದೊಡ್ಡವರಲ್ಲೂ ಕೇಳಿದರು. ಎಲ್ಲರೂ ಆಗಲಿ ಎಂದರು, ಯಾರೂ ಮಾಡಲಿಲ್ಲ. ಅವರ ತಮ್ಮ ಕುವೈತಿನಲ್ಲಿದ್ದ. ಅಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಉಂಟು, ಬಾ ಎಂದು ಎರಡು ಮೂರು ಸಲ ಕರೆದ. ಯಾಕೆ ಹೋಗಲಿಲ್ಲ ಎಂದು ಕೇಳಿದೆ. “ಅಲ್ಲಿ ಹೋಗಿ ಎಂತ ಮಾಡುದು? ಅಲ್ಲಿ ಸಂಕವೇ ಇಲ್ಲ” ಎಂದು ನಕ್ಕು ಮಾತು ತೇಲಿಸಿದರು. ನಿವೃತ್ತಿಯ ದಿನವೂ ಅವರ ಕೊನೆಯ ಮಾತು ಸೇತುವೆಯದೇ. ನೀನು ಬಿಡಬೇಡ ಎಂದು ನನ್ನ ಕೈ ಹಿಡಿದು ಹೇಳಿದರು. ನಾನು ಬಿಡಲಿಲ್ಲ. ಬಾಯಮ್ಮನಿಂದ ಬಂದ ಆಸ್ತಿ ಎಂದರೆ ಆ ಹಟ.

ನಿವೃತ್ತಿಯ ಮೇಲೆ ಅವರು ಬಿಜೈಯಲ್ಲಿ ತಂಗಿಯ ಮನೆಯಲ್ಲಿದ್ದರು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಬಂತು. ಮೊದಲು ಮಸುಕು, ಆಮೇಲೆ ಪೂರಾ ಕತ್ತಲು. ನಾನು ಹೋದಾಗಲೆಲ್ಲ ಹೆಜ್ಜೆ ಸದ್ದಿನಲ್ಲೇ ಗುರುತು ಹಿಡಿದು, ಹತ್ತಿರ ಕೂರಿಸಿಕೊಂಡು, ಬಲ ಹೆಗಲ ಮೇಲೆ ಕೈ ಇಟ್ಟು ತೇಪೆಯನ್ನು ಸವರುತ್ತಿದ್ದರು. ಸವೆದಿದ್ದರೆ ಬೈಯುತ್ತಿದ್ದರು. ಕೊನೆಯ ಸಲ ಹೋದಾಗ ಅವರು ತೀರಾ ಇಳಿದುಹೋಗಿದ್ದರು, ಹಾಸಿಗೆಯಲ್ಲೇ ಇದ್ದರು. ಏನು ಹೇಗೆ ಎಂದು ಮಾತು ಶುರುವಾಗುವ ಮೊದಲೇ ಅವರ ಕೈ ಹೆಗಲಿಗೆ ಬಂತು. ಅಲ್ಲಿ ಹುಡುಕಿತು. ಹೊಲಿಗೆಯ ಸಾಲು ಸಿಕ್ಕಲಿಲ್ಲ, ಬರೀ ತೆಳು ರವಿಕೆ. ಇನ್ನೊಮ್ಮೆ ಸವರಿದರು. ಬೆರಳು ಹಾಗೇ ನಿಂತಿತು.

“ಸೇತುವೆ ಆಯ್ತಾ?” ಎಂದರು.

ಆಯಿತು ಬಾಯಮ್ಮ ಎಂದೆ. ಅದನ್ನು ಹೇಳಲೆಂದೇ ನಾನು ಬಂದದ್ದು, ಹೇಳುವ ಮೊದಲೇ ಅವರು ಓದಿಕೊಂಡಿದ್ದರು. ಕಾಂಕ್ರೀಟಿನ ಸೇತುವೆ, ರಿಕ್ಷಾ ಹೋಗುವಷ್ಟು ಅಗಲ, ಮಳೆ ಬಂದರೂ ಮುಳುಗದು ಎಂದೆಲ್ಲ ವಿವರಿಸಿದೆ. ಅದರ ಮೇಲೆ ಮೊದಲು ದಾಟಿದ್ದು ಯಾರೆಂದು ಕೇಳಿದರು. ಗಿರಿಜಳ ಮಗ, ಹೈಸ್ಕೂಲಿಗೆ ಹೋಗುತ್ತಾನೆ, ಸೈಕಲಿನಲ್ಲಿ ದಾಟಿದ ಎಂದೆ. ಬಾಯಮ್ಮ ಬಹಳ ಹೊತ್ತು ನಕ್ಕರು, ಕೆಮ್ಮು ಬಂದರೂ ನಕ್ಕರು. ಆಮೇಲೆ ನನ್ನ ಹೆಗಲನ್ನು ಎರಡು ಸಲ ತಟ್ಟಿ ಕೈ ತೆಗೆದರು.

ಮುಂದಿನ ತಿಂಗಳು ಅವರು ಹೋದರು. ಕುವೈತಿನಿಂದ ತಮ್ಮ ಬಂದಿದ್ದ, ಅಳಿಯಂದಿರು ಇದ್ದರು. ಪದವಿನಿಂದ ಹೆಂಗಸರು ಎರಡು ರಿಕ್ಷಾಗಳಲ್ಲಿ ಸೇತುವೆಯ ಮೇಲಿಂದಲೇ ಬಂದಿದ್ದರು. ಮನೆಯಿಂದ ಇಗರ್ಜಿಗೆ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಹೊರಟರು. ನಾನು ಹಿಂದೆ ನಡೆಯುತ್ತಿದ್ದವಳು, ಏನನ್ನಿಸಿತೋ, ಮುಂದೆ ಹೋಗಿ ಅವರ ತಮ್ಮನ ಪಕ್ಕ ನಿಂತು ನನಗೂ ಸ್ವಲ್ಪ ಕೊಡಿ ಎಂದು ಕೇಳಿದೆ. ಅವರಲ್ಲಿ ಹೆಂಗಸರು ಹೊರುವ ಕ್ರಮವಿಲ್ಲ, ನಮ್ಮಲ್ಲಿ ಮೊದಲೇ ಇಲ್ಲ. ಆತ ನನ್ನ ಮುಖ ನೋಡಿದ, ನನ್ನ ಹೆಗಲನ್ನೂ ನೋಡಿದ. ಅಕ್ಕ ಏನಾದರೂ ಹೇಳಿದ್ದಿರಬೇಕು. ಪೆಟ್ಟಿಗೆಯ ಇನ್ನೊಂದು ಬದಿಗೆ ಸರಿದು ಜಾಗ ಕೊಟ್ಟ. ನಾನು ಪೆಟ್ಟಿಗೆಯ ಎಡಬದಿಗೆ ನಿಂತು, ಸ್ವಲ್ಪ ಬಗ್ಗಿ, ಬಲ ಹೆಗಲು ಕೊಟ್ಟು ಎದ್ದೆ.

ಏರು ದಾರಿ ಅದು. ಅರ್ಧ ದಾರಿಯಲ್ಲಿ ಆತ ಮೆಲ್ಲನೆ, “ಈಚೆ ಬರ್ತೀರಾ ಅಕ್ಕಾ, ಹೆಗಲು ಬದಲಿಸ್ಲಿಕ್ಕೆ?” ಎಂದು ಕೇಳಿದ.

“ಬೇಡ” ಎಂದೆ. “ನನಗೆ ಈ ಹೆಗಲೇ ಅಭ್ಯಾಸ.”